ಗಾಜಿನ ಮೇಲೆ ಎದ್ದ ಕಂದು ಬಣ್ಣ

ಕೊಪ್ಪಳದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ದೇಹದಿಂದ ತೆಗೆದ ಚೂರನ್ನು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ನನ್ನ ಕೆಲಸ.

ಹೋದ ಬೇಸಿಗೆಯಲ್ಲಿ ಹುಲಿಹೈದರ ಕಡೆಯ ಹೆಣ್ಣುಮಗಳೊಬ್ಬಳ ಗರ್ಭಕೋಶದ ಚೂರು ಬಂತು. ಅವಳ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಮುಟ್ಟು ನಿಂತಿದ್ದು, ಆಮೇಲೆ ವಿಪರೀತ ರಕ್ತ ಹೋಗಿತ್ತು. ಬಸಿರಾಗಿದ್ದಳೋ ಇಲ್ಲವೋ, ಮಾಮೂಲಿ ಬಣ್ಣದಲ್ಲಿ ಗೊತ್ತಾಗಲಿಲ್ಲ.

"ಆಂಟಿಬಾಡಿ ಹಾಕಿ ನೋಡೋಣ," ಎಂದರು ಡಾಕ್ಟರು.

ಬಸಿರಿನ ಹಾರ್ಮೋನು ಎಲ್ಲಿದೆಯೋ ಅಲ್ಲಿಗೇ ಹೋಗಿ ಅಂಟಿಕೊಳ್ಳುವ ದ್ರವ ಅದು. ಅಂಟಿದ ಕಡೆ ಕೊನೆಗೆ ಕಂದು ಬಣ್ಣ ಏಳುತ್ತದೆ. ಹನಿ ಹಾಕಿ ಕಾಯುವಾಗ, ಯಾರದೋ ಬಸಿರಿಗಾಗಿ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಬಣ್ಣ ಎದ್ದಿತು.

ರಿಪೋರ್ಟಿಗೆ ಅವಳು ಅತ್ತೆಯ ಜೊತೆ ಬಂದಳು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತರು. ಅವಳೊಬ್ಬಳೇ ಒಳಗೆ ಬಂದು ನನ್ನನ್ನು ಕೇಳಿದಳು:

"ಅಕ್ಕಾರ, ಖರೇನ ಬಸರ ಇತ್ತೇನ್ರಿ? ಮುಟ್ಟ ತಡ ಆಗಿತ್ತಷ್ಟ, ಸುಳ್ಳ ಆಸೆ ಮಾಡೀದಿ ಅಂತಾರ್ರಿ ಮನ್ಯಾಗ."

ಒಳಗಿದ್ದ ಡಾಕ್ಟರು, "ಇತ್ತಮ್ಮ," ಎಂದು, ತೋರಿಸುವಂತೆ ನನಗೆ ಸನ್ನೆ ಮಾಡಿದರು. ಅವಳು ಸೆರಗು ಹಿಡಿದುಕೊಂಡು ಮೈಕ್ರೋಸ್ಕೋಪಿನ ಮೇಲೆ ಬಾಗಿದಳು.

"ಈ ಕಂದು ಬಣ್ಣದ್ದು ಕೂಸೇನ್ರಿ?"

"ಕೂಸಲ್ಲವ್ವ," ಎಂದೆ. "ಕೂಸಿಗೆ ಅನ್ನ ಒಯ್ಯೋ ಮಾಸು ಇರತೈತಲ್ಲ, ಅದರದು. ಆಗ್ಲೇ ಬೇರು ಬಿಡಾಕತ್ತಿತ್ತು."

ಬಹಳ ಹೊತ್ತು ಅವಳು ಕಣ್ಣು ತೆಗೆಯಲಿಲ್ಲ. "ಹಂಗಾರ ಬಂದಿತ್ತು," ಎಂದಳು. ಆಮೇಲೆ, "ನಮ್ಮತ್ತೀನೂ ಕರೀಲೇನ್ರಿ?"

ಅತ್ತೆಗೆ ಮೊದಲು ಏನೂ ಕಾಣಲಿಲ್ಲ. ನಾನು ಗುಂಡಿ ತಿರುವಿ ಸರಿಮಾಡಿಕೊಟ್ಟೆ. ನೋಡಿ ಎದ್ದವರು ಸೊಸೆಯ ಬೆನ್ನ ಮೇಲೆ ಕೈಯಿಟ್ಟು, "ನನಗ ತಿಳೀಲಿಲ್ಲವ್ವ," ಎಂದರು. ಸೊಸೆ ಅಲ್ಲೇ ಅತ್ತಳು. ಇಬ್ಬರೂ ಬಸ್ಸಿಗೆ ಹೋದರು.

ಈ ಕೆಲಸಕ್ಕೆ ಬರುವ ಮುಂಚೆ, ಯಲಬುರ್ಗಾದ ತವರಿನಲ್ಲಿ ನನಗೂ ಹೀಗೇ ಆಗಿತ್ತು. ಏನೂ ಇರಲಿಲ್ಲ ಬಿಡು ಎಂದು ಎಲ್ಲರೂ ಸಮಾಧಾನ ಹೇಳಿದರು. ಪರೀಕ್ಷೆಗೆಂದು ಯಾರೂ ಏನನ್ನೂ ತೆಗೆದಿಡಲಿಲ್ಲ. ಮುಂದೆ ಮಕ್ಕಳಾಗಲಿಲ್ಲ. ಖಚಿತವಾಗಿ ತಿಳಿಯುವ ದಾರಿ ನನಗಿನ್ನಿಲ್ಲ.

ಆ ಅತ್ತೆ ಸೊಸೆ ಬಂದುಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಮೊದಲ ಸಲ ಹೇಳಿದೆ: "ಆಗ ನಾ ಬಸರಿದ್ದೆ ಅಂತ ಅನಸ್ತೈತ್ರಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನನಗೂ ಅನಸ್ತಿತ್ತು. ನೀ ಅಳ್ತಿ ಅಂತ ಬಾಯಿ ಬಿಚ್ಚಿದ್ದಿಲ್ಲ." ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟು, "ಈಗ ಹೈಸ್ಕೂಲಿಗೆ ಹೋಗ್ತಿತ್ತು ನೋಡು," ಎಂದರು.