ಆಂಟೆನಾಕ್ಕೆ ಬೇಗಡೆ ಮಾಲೆ ಕಟ್ಟಿದ ಗುತ್ಯಮ್ಮ

ಅರ್ಧ ಹೊರೆ ಹುಲ್ಲು ಕೊಯ್ದು ಗುತ್ಯಮ್ಮ ಸೊಂಟ ನೇರ ಮಾಡಿಕೊಳ್ಳುತ್ತಾರೆ. ತಾಳಗುಂದದ ಹೊರಗಿನ ಈ ಬಯಲಲ್ಲಿ ಈಗಷ್ಟೇ ಬೆಳಕು ಹರಿದಿದೆ. ಎದುರಿಗೆ ಪರೀಕ್ಷೆಯ ರನ್‌ವೇ ತುದಿಯಲ್ಲಿ ಸಾಲಾಗಿ ನಿಂತ ಆಂಟೆನಾಗಳು. ಮೋಡ ಕವಿದು ಏನೂ ಕಾಣದಾಗಲೂ ವಿಮಾನ ತಾನೇ ಇಳಿಯುವಂತೆ ರೇಡಿಯೊ ಅಲೆಯಲ್ಲಿ ದಾರಿ ತೋರುವ ಉಪಕರಣವದು. ಹುಲ್ಲು ಎತ್ತರ ಬೆಳೆದರೆ ಅಲೆ ಕೆಡುತ್ತದೆ. ಅದಕ್ಕೇ ಈ ಕುಡುಗೋಲು.

ಸೊರಬದ ಕಡೆಯಿಂದ ಸೊಸೆಯಾಗಿ ಬಂದ ಗುತ್ಯಮ್ಮ ಮೊದಲು ಇಲ್ಲೇ ಕುರಿ ಮೇಯಿಸುತ್ತಿದ್ದರು. ಸಣ್ಣದೊಂದು ಕಂಪನಿ ಸರ್ಕಾರದ ನೆರವಿನಿಂದ ಉಪಕರಣ ತಯಾರಿಸಿ ಹೊರದೇಶಕ್ಕೆ ಮಾರಲು ಹೊರಟಾಗ ದಿನಗೂಲಿಗೆ ಸೇರಿದರು. ಗಂಡ ಧರ್ಮಪ್ಪ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುವುದು ಈ ಕೂಲಿಯಿಂದಲೇ.

ಕಳೆದ ಆಯುಧಪೂಜೆಯಂದು ಕುಡುಗೋಲಿಗೆ ಕುಂಕುಮ ಹಚ್ಚಿದವರು ಆಂಟೆನಾಗಳಿಗೂ ಮಿರಮಿರ ಮಿಂಚುವ ಲೋಹದ ಬೇಗಡೆ ಮಾಲೆ ಸುತ್ತಿದರು. ಎಂಜಿನಿಯರ್ ಸುರೇಂದ್ರ ಕೈಮುಗಿದು ಮಂಡಕ್ಕಿ ತಿಂದು ಹೋದರು. ಮಾಲೆ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಮಾರನೆಯ ದಿನ ಪರೀಕ್ಷೆಯ ವಿಮಾನ ಇಳಿಯುತ್ತ ಇಳಿಯುತ್ತ, ನೋಡನೋಡುತ್ತಿದ್ದಂತೆ ಪಕ್ಕದ ಮೆಕ್ಕೆಜೋಳದ ಹೊಲದತ್ತ ವಾಲಿತು! ಪೈಲಟ್ ನಿಯಂತ್ರಣ ತನ್ನ ಕೈಗೆ ತೆಗೆದುಕೊಂಡು ಮೇಲೆತ್ತದಿದ್ದರೆ...

"ಎದೆ ನಿಂತೇ ಹೋತು ಕಣ್ರೀ. ಊದಿದ್ರೆ ಹಾರೋ ಬೇಗಡೆ, ಅಂಥಾ ವಿಮಾನನ ತಳ್ಳೋದಾ? ಇವತ್ತಿಗೂ ನಂಬಕ್ಕಾಗವಲ್ದು," ಎನ್ನುತ್ತಾರೆ ಗುತ್ಯಮ್ಮ.

ಇನ್ನೂ ದಿಗಿಲಿನ ಸಂಗತಿಯೆಂದರೆ, ಅಲೆ ಕೆಟ್ಟದ್ದನ್ನು ಗುರುತಿಸಿ ಉಪಕರಣವೇ ನಿಂತುಬಿಡಬೇಕಿತ್ತು. ನಿಲ್ಲಲಿಲ್ಲ. ಸರ್ಕಾರಕ್ಕೆ ಕಳಿಸಬೇಕಾದ ಪತ್ರದಲ್ಲಿ ಇದನ್ನು ಬರೆದರೆ ಮುಂದಿನ ನೆರವೂ ರಫ್ತಿನ ಒಪ್ಪಿಗೆಯೂ ನಿಂತಾವೆಂಬ ಭಯ. ಆಳಿನ ತಪ್ಪೆಂದಷ್ಟೇ ಬರೆ ಎಂದು ಸುರೇಂದ್ರರಿಗೆ ಹೇಳಿದರು ಕಂಪನಿಯ ಮೇಲಿನವರು. ಹಾಗೆ ಬರೆದರೆ ಗುತ್ಯಮ್ಮನ ಕೆಲಸ ಹೋಗುತ್ತದೆ. ಯಾವುದಕ್ಕೂ ಕೈಬಾರದೆ ಸುರೇಂದ್ರ ಕಾರಹುಣ್ಣಿಮೆ ಕಳೆದರೂ ಆ ಪತ್ರ ಕಳಿಸಿಲ್ಲ.

ಹೊರೆ ಇಳಿಸಿ ಗುತ್ಯಮ್ಮ ಇವತ್ತು ನೇರ ಅವರ ಮೇಜಿನೆದುರು ನಿಲ್ಲುತ್ತಾರೆ.

"ಮಾಲೆ ಕಟ್ಟಿದ್ದು ನಾನೇ ಅಂತ ಬರೀರಿ ಸಾರ್."

"ಕೆಲಸ ಹೋದ್ರೆ ಗುತ್ಯಮ್ಮ?"

"ಹೋಗ್ಬಾರ್ದು ಅಂತ್ಲೇ ನಂಗೂ ಆಸೆ. ಆದ್ರೆ ಮಿಷನ್ನು ಸುಮ್ನಿದ್ದದ್ದೂ ಬರೀರಿ. ಅಲ್ಲೆಲ್ಲೋ ಹೊರದೇಶದಾಗೆ ಕಾಗೆ ತಂತಿ ತಂದು ಗೂಡು ಕಟ್ಟಿದ್ರೆ?"

"ಕಾಗೆಗೂ ಆಯುಧಪೂಜೆನಾ?"

"ನಗಬ್ಯಾಡ್ರಿ. ಒಳಗೆ ಜನ ಕುಂತಿರ್ತಾರೆ!"

ಸುರೇಂದ್ರರ ನಗು ಅಲ್ಲೇ ಆರುತ್ತದೆ. ಎರಡನ್ನೂ ಬರೆದು ಸಹಿ ಹಾಕುತ್ತಾರೆ. ಮಾಲೆ ನೋಡಿಯೂ ಬಿಚ್ಚಿಸದವನು ನಾನು ಎಂಬ ಸಾಲನ್ನೂ ಸೇರಿಸುತ್ತಾರೆ.

ಕೆಲಸ ಉಳಿದರೆ ಏನಾಸೆ ಎಂದರೆ ಗುತ್ಯಮ್ಮ, "ವಿಮಾನ ಇಳಿಯೋದನ್ನ ಒಂದ್ಸಲ ಕಣ್ಮುಚ್ಚದಂಗೆ ನೋಡ್ಬೇಕು," ಎನ್ನುತ್ತಾರೆ. ಮಧ್ಯಾಹ್ನ ಶಿಕಾರಿಪುರದ ಅಂಚೆ ಕಚೇರಿಯ ಕಿಟಕಿಯೊಳಗೆ ಲಕೋಟೆ ಚಾಚಿದ್ದು ಅವರದೇ ಕೈ. ಒಳಗಿನವರು ಅದನ್ನು ತೆಗೆದುಕೊಂಡು ಮುದ್ರೆ ಒತ್ತುವವರೆಗೂ ಅವರು ಕಿಟಕಿ ಬಿಟ್ಟು ಕದಲುವುದಿಲ್ಲ.