ಗಿರಿಜಾ ಶೆಡ್ತಿಯ ವಾಕಿಂಗು ಮತ್ತು ಅತ್ತೆಯ ಸೊಂಟಪಟ್ಟಿ

ಕಿರಿಮಂಜೇಶ್ವರದ ಗಿರಿಜಾ ಶೆಡ್ತಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಹೊಸದೊಂದು ಕಾಯಿಲೆ ಅಂಟಿಕೊಂಡಿತು. ಮಂಡಿನೋವಲ್ಲ, ಅದು ಹಳೆಯದು. ಇದು ಓರಗಿತ್ತಿಯ ಸೊಂಟ ಕಣ್ಣಿಗೆ ಬಿದ್ದ ಕೂಡಲೇ ಹೊಟ್ಟೆಯಲ್ಲಿ ಉರಿ ಏಳುವ ಕಾಯಿಲೆ. ಇದಕ್ಕೆ ಬೈಂದೂರಿನ ಯಾವ ಮೆಡಿಕಲ್ಲಿನಲ್ಲೂ ಮಾತ್ರೆ ಸಿಗುವುದಿಲ್ಲ.

ಓರಗಿತ್ತಿಯ ಹೆಸರು ಅಮಿತಾ, ಮೈದುನ ರತೀಶನ ಹೆಂಡತಿ. ಹುಟ್ಟಿದ್ದು, ಬೆಳೆದದ್ದು, ಸಂಸಾರ ಮಾಡಿದ್ದು ಎಲ್ಲ ಮುಂಬೈಯಲ್ಲಿ. ಮುಲುಂಡಿನ ಹೋಟೆಲನ್ನು ಬೇರೆಯವರಿಗೆ ವಹಿಸಿ ಮೂರು ವರ್ಷದ ಹಿಂದೆ ಗಂಡ ಹೆಂಡತಿ ಊರಿಗೆ ಬಂದರು. ಗಿರಿಜಾಳ ಮನೆಯ ಅಂಗಳದ ಆಚೆ ಬದಿಗೇ ಮನೆ ಕಟ್ಟಿಸಿದರು. ಅಲ್ಲಿಯವರೆಗೆ ಆ ಅಂಗಳಕ್ಕೆ ಗಿರಿಜಾ ಒಬ್ಬಳೇ ಸೊಸೆ. ಗುಲ್ವಾಡಿಯಿಂದ ಇಪ್ಪತ್ತೊಂದನೆಯ ವಯಸ್ಸಿಗೆ ಬಂದವಳು, ಗಂಡ ಭೋಜ ಬ್ರಹ್ಮಾವರದ ಹೋಟೆಲಿನಲ್ಲೇ ದಿನ ಕಳೆಯುತ್ತಿದ್ದಾಗ ಗದ್ದೆ, ದನ, ಅತ್ತೆ, ಮಗ ಎಲ್ಲವನ್ನೂ ನಿಭಾಯಿಸಿದವಳು.

ಅಮಿತಾಳನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ ಉರಿ ಹತ್ತಿಕೊಂಡದ್ದು ಮಗ ಸುಜಿತನ ಮದುವೆ ನಿಶ್ಚಯವಾದ ದಿನ. ಅತ್ತೆ ತಮ್ಮ ಪೆಟ್ಟಿಗೆಯಿಂದ ಹಳೆಯ ಚಿನ್ನದ ಸೊಂಟಪಟ್ಟಿ ಹೊರಗೆ ತೆಗೆದರು. ಮನೆಯಲ್ಲಿ ಮದುವೆಯಾದರೆ ಅದು ಮನೆಯ ಸೊಸೆಯ ಸೊಂಟದಲ್ಲಿ ಇರಬೇಕು. ಗಿರಿಜಾಳಿಗೆ ಸುತ್ತಿ ನೋಡಿದರು. ಕೊಕ್ಕೆಗೂ ಕೊಂಡಿಗೂ ನಡುವೆ ಆರು ಬೆರಳು ಖಾಲಿ. ಅಮಿತಾಳಿಗೆ ಸುತ್ತಿದರು. ಎರಡೇ ಬೆರಳು.

"ಅಕ್ಕಸಾಲಿ ಹತ್ರ ಕೊಟ್ಟ್ ನಾಲ್ಕ್ ಕೊಂಡಿ ಸೇರ್ಸುಕಾತಿಲ್ಯಾ ಅತ್ತೆ?" ಗಿರಿಜಾ ಮೆಲ್ಲಗೆ ಕೇಳಿದಳು.

"ನಾಗನ ಎದ್ರ್ ಇಟ್ಟ್ ಪೂಜಿ ಮಾಡ್ದ ಪಟ್ಟಿ ಅದ್. ಮತ್ತೆ ಬೆಂಕಿ ತೋರ್ಸುಕಾಗ," ಅತ್ತೆ ಪೆಟ್ಟಿಗೆ ಮುಚ್ಚಿದರು. "ಮೇ ತಿಂಗ್ಳಿಗೆ ಯಾರ್ ಸೊಂಟಕ್ ಆತ್ತೋ ಅವ್ರ್ ಕಟ್ಕಣಿ."

ಹೆತ್ತ ಮಗನ ಮದುವೆ. ಆರತಿ ಎತ್ತುವವಳು ತಾನು, ಮಂಟಪದಲ್ಲಿ ಪಟ್ಟಿ ಮಿನುಗಿಸುತ್ತ ಓಡಾಡುವವಳು ಮೂರು ವರ್ಷದ ಹಿಂದೆ ಬಂದವಳು! ಆ ರಾತ್ರಿ ಊಟ ಅವಳಿಗೆ ಸೇರಲಿಲ್ಲ. ಸೇರಲಿಲ್ಲ ಅಂದರೂ ಎರಡು ಸಲ ಅನ್ನ ಬಡಿಸಿಕೊಂಡಳು ಅನ್ನಿ, ಅದು ಬೇರೆ ವಿಷಯ.

ವಾಕಿಂಗ್ ಮಾಡುವ ಎಂದು ಮೊದಲು ಹೇಳಿದವಳು ಅಮಿತಾ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಇಬ್ಬರೂ ಶುರು ಮಾಡಿದರು. ಸಂಜೆ ಐದಕ್ಕೆ ದೇವಸ್ಥಾನದ ಎದುರಿನಿಂದ ಹೊರಟು, ಕಡಲಬದಿಯ ರಸ್ತೆ ಹಿಡಿದು, ಅಪ್ಪಿಯಕ್ಕನ ಮನೆಯ ಗೇಟಿನವರೆಗೆ ಹೋಗಿ ವಾಪಸು. ಒಂದೂಕಾಲು ಗಂಟೆಯ ನಡಿಗೆ. ಗಿರಿಜಾ ಕುಂದಾಪುರಕ್ಕೆ ಹೋಗಿ ಬಿಳಿ ಬೂಟು ತಂದಳು. ಸೀರೆಯ ಕೆಳಗೆ ಬೂಟು ಕಂಡು ಅತ್ತೆ ನಕ್ಕರು, ಅವಳು ಲೆಕ್ಕಿಸಲಿಲ್ಲ.

ಪ್ರತಿ ಭಾನುವಾರ ಅಮಿತಾಳ ಜಗಲಿಯಲ್ಲಿ ತೂಕ. ಮುಂಬೈಯಿಂದ ತಂದ ಗಾಜಿನ ಮಷಿನು, ಹತ್ತಿ ನಿಂತರೆ ಕೆಂಪು ಅಂಕಿ ಉರಿಯುತ್ತದೆ. ಡಿಸೆಂಬರ್ ಮುಗಿಯುವಾಗ ಅಮಿತಾ ಐದು ಕಿಲೋ ಇಳಿದಿದ್ದಳು. ಗಿರಿಜಾ ಅರ್ಧ ಕಿಲೋ ಏರಿದ್ದಳು. ಒಂದೇ ರಸ್ತೆ, ಒಂದೇ ಹೊತ್ತು. ದೇವರಿಗೂ ಮುಂಬೈಯವರೇ ಹೆಚ್ಚೇನೋ ಎಂದು ಅವಳಿಗೆ ಅನ್ನಿಸಿತು.

"ಮಷಿನ್ ಸಮ ಇಲ್ಲೆ ಕಾಂತ್," ಅಂದಳು. ಅಮಿತಾ ಹತ್ತು ಕಿಲೋದ ಅಕ್ಕಿ ಚೀಲ ತಂದು ಇಟ್ಟು ತೋರಿಸಿದಳು. ಸರಿಯಾಗಿ ಹತ್ತು. ಹಾಗಾದರೆ ಇವಳು ಏನೋ ಕದ್ದು ನುಂಗುತ್ತಿದ್ದಾಳೆ, ಪುಡಿಯೋ ಗುಳಿಗೆಯೋ. ಸಕ್ಕರೆ ಕೇಳುವ ನೆಪದಲ್ಲಿ ಗಿರಿಜಾ ಅವಳ ಅಡುಗೆಮನೆಗೆ ನುಗ್ಗಿ ಡಬ್ಬಿ ಡಬ್ಬಿ ಮುಚ್ಚಳ ತೆಗೆದಳು. ಸಿಕ್ಕಿದ್ದು ಕುಚ್ಚಲಕ್ಕಿ, ಹೆಸರುಬೇಳೆ, ಒಣ ಸಿಗಡಿ. ಬರಿಗೈಯಲ್ಲಿ ವಾಪಸು ಬಂದಳು, ಸಕ್ಕರೆ ತರಲು ಮರೆತೇ ಹೋಗಿತ್ತು.

ಈಗ ಆ ರಸ್ತೆಯ ಸಂಗತಿ ಹೇಳಬೇಕು. ಅಲ್ಲಿ ಗಿರಿಜಾಳಿಗೆ ಗೊತ್ತಿಲ್ಲದ ಮನೆಯಿಲ್ಲ. ಅಪ್ಪಿಯಕ್ಕನ ಮಗಳ ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕೂತವಳು ಅವಳೇ. ಗಣಪಣ್ಣನ ಹೆಂಡತಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ತಿಂಗಳು ಪೂರ್ತಿ ಸಾರು ಕಳಿಸಿದವಳೂ ಅವಳೇ. ಹಾಗಾಗಿ ಅವಳು ರಸ್ತೆಗಿಳಿದರೆ ಜಗಲಿಗಳೇ ಕೂಗುತ್ತಿದ್ದವು.

"ಹ್ವಾಯ್ ಗಿರಿಜಾ, ಆಸ್ರಿ ಕುಡ್ದ್ ಹೋಗ್ ಮಾರಾಯ್ತಿ."

ಆಸ್ರಿ ಅಂದರೆ ಬಾಯಾರಿಕೆಗೆ ಒಂದು ಲೋಟ ಚಾ, ಅದರ ಜೊತೆಗೆ ಏನಾದರೂ. ಗಣಪಣ್ಣನ ಮನೆಯಲ್ಲಿ ಬನ್ಸ್, ಅಪ್ಪಿಯಕ್ಕನ ಮನೆಯಲ್ಲಿ ಎಣ್ಣೆಯಲ್ಲಿ ಕರಿದ ಗೋಳಿಬಜೆ, ನಡುವಿನ ಮನೆಯಲ್ಲಿ ಬೆಲ್ಲ ಹಾಕಿದ ಅವಲಕ್ಕಿ. ಬೇಡ ಅನ್ನುವುದು ಮರ್ಯಾದೆಯಲ್ಲ. ಅದನ್ನು ಯಾರೂ ಊಟ ಎಂದು ಕರೆಯುವುದೂ ಇಲ್ಲ. ಗಿರಿಜಾ ಹೋದಲ್ಲೆಲ್ಲ ಐದೈದು ನಿಮಿಷ ಕೂರುತ್ತಿದ್ದಳು. ಅಮಿತಾ ಮಾತ್ರ "ನೀವ್ ಕುಡ್ದ್ ಬನ್ನಿ ಅಕ್ಕ, ನಾನ್ ನಡೀತಿರ್ತೆ" ಎಂದು ಬಿರಬಿರನೆ ಮುಂದೆ ಹೋಗುತ್ತಿದ್ದಳು. ಹೋಗಲಿ ಬಿಡು, ಅಷ್ಟು ದೊಡ್ಡಸ್ತಿಕೆ ಇದ್ದರೆ ಇಟ್ಟುಕೊಳ್ಳಲಿ ಎಂದು ಗಿರಿಜಾ ಇನ್ನೊಂದು ಗೋಳಿಬಜೆಗೆ ಕೈ ಹಾಕುತ್ತಿದ್ದಳು.

ಜನವರಿಯಲ್ಲಿ ಮಂಡಿ ತೋರಿಸಲು ಬೈಂದೂರಿನ ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ನರ್ಸ್ ಶ್ರೀಲತಾಳ ಹತ್ತಿರ ಗಿರಿಜಾ ಸಂಕಟ ತೋಡಿಕೊಂಡಳು. ನಡೆದರೆ ತೂಕ ಇಳಿಯುತ್ತದೆ ಅನ್ನುವುದೆಲ್ಲ ಬರೀ ಸುಳ್ಳು ಅಂದಳು.

"ದಿನಕ್ಕೆ ಎಂತೆಂತ ತಿಂತ್ರಿ?" ಶ್ರೀಲತಾ ಕೇಳಿದಳು.

"ಬೆಳಿಗ್ಗೆ ಎರಡ್ ದೋಸೆ, ಮಧ್ಯಾಹ್ನ ಒಂಚೂರ್ ಅನ್ನ, ರಾತ್ರಿಗ್ ಗಂಜಿ. ಅಷ್ಟೇ."

"ಚಾ ಎಲ್ಲ?"

"ಅದ್ ಆಸ್ರಿ ಅಲ್ದಾ. ವಾಕಿಂಗ್ ಹೋಪತಿಗೆ ಕರೀತ್ರ್, ಕುಡೀತೆ."

ಶ್ರೀಲತಾ ಪೆನ್ನು ಕೆಳಗಿಟ್ಟು ಒಂದೊಂದೇ ಕೇಳುತ್ತ ಹೋದಳು. ಯಾವ ಮನೆ, ಎಷ್ಟು ಬಜೆ, ಚಾಕ್ಕೆ ಸಕ್ಕರೆ ಎಷ್ಟು. ಕೇಳಿ ಮುಗಿದ ಮೇಲೆ ನಗು ತಡೆದುಕೊಂಡಳು. "ಗಿರಿಜಕ್ಕ, ನಡಿಗೆ ಎಂತದೂ ಸುಳ್ಳಲ್ಲ. ಆದ್ರೆ ಒಂದ್ ಗಂಟೆ ನಡ್ದ್ ಕರಗ್ಸಿದ್ದನ್ನ ಒಂದ್ ಬನ್ಸ್, ಒಂದ್ ಚಾ ವಾಪಸ್ ಕೊಡತ್ತ್. ನೀವ್ ಮೂರ್ ಮನಿಯಗೆ ತಿಂತ್ರಿ. ಬೇರೆಯವ್ರ್ ಮನಿಯಗೆ ತಿಂದದ್ದೂ ನಿಮ್ಮ್ ಹೊಟ್ಟಿಗೇ ಹೋತ್ ಅಲ್ದಾ?"

ಬಸ್ಸಿನಲ್ಲಿ ವಾಪಸು ಬರುವಾಗ ಗಿರಿಜಾಳಿಗೆ ಅಮಿತಾಳ ಗುಟ್ಟು ತಾನಾಗಿ ಬಿಚ್ಚಿಕೊಂಡಿತು. ಅವಳಿಗೆ ಆ ರಸ್ತೆಯಲ್ಲಿ ಯಾರೂ ಆಸ್ರಿ ಕೊಡುವುದಿಲ್ಲ. ಅದಕ್ಕೇ ಇಳಿದಿದ್ದಾಳೆ. ಇದನ್ನು ತಿಳಿದು ಗಿರಿಜಾ ಬೇಸರಪಟ್ಟಳು ಎಂದುಕೊಂಡರೆ ನಿಮಗೆ ಅವಳ ಪರಿಚಯ ಇನ್ನೂ ಆಗಿಲ್ಲ. ಕಂಬದಕೋಣೆ ದಾಟುವಷ್ಟರಲ್ಲಿ ಅವಳ ತಲೆಯಲ್ಲಿ ಒಂದು ಉಪಾಯ ತಯಾರಾಗಿತ್ತು.

ಮರುದಿನ ಮಧ್ಯಾಹ್ನ ಬಿಸಿಲಲ್ಲೇ ಮೂರೂ ಮನೆಗೆ ಹೋದಳು. ತನಗೆ ಡಾಕ್ಟರು ಎಣ್ಣೆ ಸಕ್ಕರೆ ಬೇಡ ಅಂದಿದ್ದಾರೆ, ಇನ್ನು ಕರೆಯಬೇಡಿ ಅಂದಳು. ಆಮೇಲೆ ದನಿ ತಗ್ಗಿಸಿ ಸೇರಿಸಿದಳು, "ಅಮಿತಾನ್ನ ಕರೀರಿ ಕಾಂಬ. ಅವ್ಳಿಗೆ ಒಳ್ಗೊಳ್ಗೇ ಆಸಿ ಇತ್ತ್, ಬಾಯ್ ಬಿಟ್ಟ್ ಹೇಳುದಿಲ್ಲೆ. ಬ್ಯಾಡ ಅಂದ್ರೂ ಬಿಡ್ಬೇಡಿ, ಕೈ ಹಿಡ್ದ್ ಕೂರ್ಸಿ. ತುಪ್ಪ, ಬೆಲ್ಲ ಧಾರಾಳ ಹಾಕಿ."

ಅವರು ಗಿರಿಜಾಳ ಮಾತು ತೆಗೆದುಹಾಕುವವರಲ್ಲ. ಅಂದು ಸಂಜೆ ಅಪ್ಪಿಯಕ್ಕ ಗೇಟಿಗೇ ಬಂದು ಅಮಿತಾಳ ಕೈ ಹಿಡಿದರು. ಅಮಿತಾ ಕಕ್ಕಾಬಿಕ್ಕಿಯಾಗಿ ಗಿರಿಜಾಳನ್ನು ನೋಡಿದಳು. "ಹೋಗ್, ಕುಡ್ದ್ ಬಾ," ಗಿರಿಜಾ ದೊಡ್ಡಮನಸ್ಸಿನವಳಂತೆ ಹೇಳಿ ಬೂಟು ಸದ್ದು ಮಾಡುತ್ತ ಮುಂದೆ ನಡೆದಳು.

ಉಪಾಯ ಫಲಿಸಿತು. ಫೆಬ್ರವರಿಯಲ್ಲಿ ಗಿರಿಜಾಳ ತೂಕ ಎರಡು ಕಿಲೋ ಇಳಿಯಿತು. ಮಾರ್ಚಿನಲ್ಲಿ ಇನ್ನೆರಡು. ಏಪ್ರಿಲ್ ಹೊತ್ತಿಗೆ ರವಿಕೆಗಳನ್ನು ಹಿಡಿಸಿ ಹೊಲಿಸಬೇಕಾಯಿತು. ಅಮಿತಾಳ ಕೆನ್ನೆ ತುಂಬಿಕೊಂಡಿತು, ಕೆಂಪು ಅಂಕಿ ವಾರ ವಾರ ಮೇಲೇರಿತು. ವಿಚಿತ್ರವೆಂದರೆ ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಮಷಿನಿನಿಂದ ಇಳಿದು ಅಪ್ಪಿಯಕ್ಕ ಏನು ಹೇಳಿದರು, ಗಣಪಣ್ಣನ ಮೊಮ್ಮಗು ಹೇಗೆ ನಡೆಯಿತು ಎಂದು ವರದಿ ಒಪ್ಪಿಸುತ್ತಿದ್ದಳು. ಅವು ಗಿರಿಜಾಳಿಗೆ ಮೊದಲು ತಿಳಿಯಬೇಕಾದ ಸುದ್ದಿಗಳು. ಈಗ ಅವಳಿಗೆ ಅಮಿತಾಳ ಬಾಯಲ್ಲಿ ಕೇಳಬೇಕಾದ ಗತಿ.

ಮದುವೆಗೆ ಹದಿನೈದು ದಿನ ಇರುವಾಗ ಅತ್ತೆ ಮತ್ತೆ ಪೆಟ್ಟಿಗೆ ತೆರೆದರು. ಅಮಿತಾಳಿಗೆ ಸುತ್ತಿದರೆ ಅದೇ ಎರಡು ಬೆರಳು. ಗಿರಿಜಾ ಉಸಿರೆಳೆದು ನಿಂತಳು. ಕೊಕ್ಕೆ ಕೊಂಡಿಗೆ ಸಿಕ್ಕಿತು.

"ಗಂಡಿನ ಅಬ್ಬಿಗೇ, ಹೆತ್ತ ತಾಯಿಗೇ ಆಯ್ತ್, ಸಮಾ ಆಯ್ತ್," ಅಂದರು ಅತ್ತೆ. ಅಮಿತಾ ಚಪ್ಪಾಳೆ ತಟ್ಟಿ ನಕ್ಕಳು. ಅವಳ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಗೆರೆಯನ್ನಾದರೂ ಗಿರಿಜಾ ಹುಡುಕಿದಳು. ಸಿಗಲಿಲ್ಲ. ಗೆದ್ದವಳಿಗೆ ಗೆದ್ದ ರುಚಿ ಹತ್ತಲಿಲ್ಲ.

ಅಂದು ಸಂಜೆಯೂ ಗಿರಿಜಾ ಒಬ್ಬಳೇ ಅಪ್ಪಿಯಕ್ಕನ ಗೇಟಿನವರೆಗೆ ನಡೆದಳು. ಗಣಪಣ್ಣನ ಜಗಲಿ ಅವಳನ್ನು ಕರೆಯಲಿಲ್ಲ, ನಡುವಿನ ಮನೆಯವರು ಕೈ ಎತ್ತಿ ಸುಮ್ಮನಾದರು. ಕರೆಯಬೇಡಿ ಎಂದು ತಾನೇ ಹೇಳಿ ಬಂದದ್ದಲ್ಲವೇ. ಅಪ್ಪಿಯಕ್ಕನ ಮನೆಯೊಳಗಿಂದ ಅಮಿತಾಳ ನಗು ಕೇಳುತ್ತಿತ್ತು, ಎಣ್ಣೆಗೆ ಹಿಟ್ಟು ಬಿಟ್ಟ ಚುರ್ ಸದ್ದೂ ಕೇಳುತ್ತಿತ್ತು. ತಾನು ಮೂವತ್ತು ವರ್ಷ ಕೂತ ಜಾಗದಲ್ಲಿ ಅವಳು ಕೂತಿದ್ದಾಳೆ. ಪಟ್ಟಿಗಾಗಿ ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ತಿರುಗಿ ಹೋಗದೆ ಗೇಟು ಹಿಡಿದು ನಿಂತಳು.

ಅಮಿತಾ ಅವಳನ್ನು ಕಂಡು ಅಂಗಳಕ್ಕೆ ಇಳಿದು ಬಂದಳು. "ಅಕ್ಕ, ಇಲ್ಲೇ ನಿಂತದ್ದ್ ಎಂತಕ್ಕೆ?"

"ಸುಮ್ನೆ."

ಅಮಿತಾ ಗೇಟಿನ ಹತ್ತಿರ ಬಂದಳು. "ಬಂದ ಹೊಸತ್ರಲ್ ಇಲ್ಲಿ ಎಲ್ಲರೂ ಒಂದೊಂದ್ ಸಲ ಕರ್ದಿರ್. ಮುಂಬೈಯಗೆ ಮೊದ್ಲ್ ಬ್ಯಾಡ ಅಂಬುದ್ ಅಭ್ಯಾಸ, ಅಂದೆ. ಎರಡ್ನೇ ಸಲ ಯಾರೂ ಕರೀಲಿಲ್ಲೆ. ನೀವ್ ಒಳ್ಗ್ ಕೂಕಂಡ್ ನೆಗ್ಯಾಡುದ್ ರಸ್ತಿಗೆ ಕೇಂತಿತ್ತ್. ನಂಗೆ ಎಷ್ಟ್ ಹೊಟ್ಟಿಕಿಚ್ಚ್ ಗೊತ್ತಿತ್ತಾ ಅಕ್ಕ? ಕಣ್ಣಗೆ ನೀರ್ ಬಂದದ್ದ್ ಯಾರಿಗೂ ಕಾಂಬುಕಾಗ ಅಂದೇಳಿ ಬಿರಬಿರ ನಡೀತಿದ್ದೆ. ನನ್ನ್ ತೂಕ ಇಳ್ದದ್ದ್ ಹಾಂಗೆ." ಗಿರಿಜಾಳ ಕೈ ಹಿಡಿದಳು. "ಅಪ್ಪಿಯಕ್ಕ ಈಗ ಹೇಳ್ರ್, ನನ್ನ ಕರೀರಿ ಅಂದೇಳಿ ಮನಿಮನಿಗೆ ಹೋಯ್ ಹೇಳಿದ್ದ್ ನೀವೇ ಅಂಬ್ರ್."

ಸುಮ್ಮನಿದ್ದರೆ ಪುಣ್ಯವೂ ಗಿರಿಜಾಳದೇ, ಪಟ್ಟಿಯೂ ಗಿರಿಜಾಳದೇ. ಆದರೆ ಆ ಕೈ ಬೆಚ್ಚಗಿತ್ತು, ಹಿಟ್ಟು ಮೆತ್ತಿಕೊಂಡಿತ್ತು.

"ನಿನ್ನ್ ಮೇಲಿನ ಪ್ರೀತಿಗಲ್ಲ ಅಮಿತಾ," ಅಂದಳು. "ನೀ ದಪ್ಪ ಆಯ್ಲಿ, ಪಟ್ಟಿ ನಿನ್ನ್ ಸೊಂಟಕ್ ಆಪುಕಾಗ ಅಂದೇಳಿ ಹೇಳ್ದೆ."

ಅಮಿತಾ ಕೈ ಬಿಡಲಿಲ್ಲ, ನಗಲೂ ಇಲ್ಲ. ರಸ್ತೆಯ ಕಡೆಗೆ ಒಮ್ಮೆ ನೋಡಿದಳು.

"ಹಾಂಗಾರೂ ಕರ್ದ್ರಲ್ಲ ಅಕ್ಕ," ಅಂದಳು.

"ಹ್ವಾಯ್, ಇಬ್ರೂ ಎಂತ ಗೇಟಿನ್ ಹತ್ರ ನಿಂತದ್ದ್? ಚಾ ತಣೀತ್," ಒಳಗಿನಿಂದ ಅಪ್ಪಿಯಕ್ಕ ಕೂಗಿದರು.

ಇಬ್ರೂ ಅಂದದ್ದು ಗಿರಿಜಾಳಿಗೆ ಕೇಳಿಸಿತು. ಜಗಲಿಯ ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಬಿಚ್ಚಿದಳು. ಅಪ್ಪಿಯಕ್ಕ ತಟ್ಟೆ ತಂದರು. ಗಿರಿಜಾ ಎರಡೇ ಗೋಳಿಬಜೆ ತಿಂದಳು, ಸಕ್ಕರೆ ಹಾಕದ ಚಾ ಕುಡಿದಳು. ಮದುವೆಗೆ ಇನ್ನೂ ಹದಿನೈದು ದಿನವಿತ್ತು, ನಾಳೆಯಿಂದ ಇಬ್ಬರೂ ಒಂದು ಸುತ್ತು ಹೆಚ್ಚು ನಡೆದರಾಯಿತು. ಅಮಿತಾಳ ತಟ್ಟೆಗೆ ಅಪ್ಪಿಯಕ್ಕ ಕೇಳದೆಯೇ ಆರು ಹಾಕಿದ್ದನ್ನು ಗಿರಿಜಾ ಎಣಿಸದೆ ಬಿಡಲಿಲ್ಲ.