ದಾಸವಾಳದ ಮೇಲೆ ಕೂರಿಸಿದ ಜೇಡ

ಆಸಾಡಿ ತಿಂಗಳ ಬೆಳಿಗ್ಗೆ. ಗಂಟೆ ಆರಾಗಲು ಇನ್ನೂ ಹತ್ತು ನಿಮಿಷವಿದೆ. ಸಾಸ್ತಾನದ ಟೋಲ್ ಗೇಟಿನಿಂದ ಪಡುವಣಕ್ಕೆ ಒಂದೂವರೆ ಕಿಲೋಮೀಟರ್ ಇಳಿದರೆ ಸಿಗುವ ತೋಡಿನ, ಅಂದರೆ ಸಣ್ಣ ಹಳ್ಳದ, ದಂಡೆಯಲ್ಲಿ ಐವತ್ತೊಂದರ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ನೈಟಿಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಹಲ್ಲಿನಲ್ಲಿ ಕಚ್ಚಿಕೊಂಡ ಪುಟ್ಟ ಟಾರ್ಚು. ಎದುರಿಗೆ ಗರಗಸದಂಥ ಅಂಚಿನ ಕೇದಗೆ ಎಲೆಗಳು. ಒಂದೊಂದು ಎಲೆಯ ಬುಡವನ್ನೂ ಅವರು ಇಣುಕಿ ನೋಡುತ್ತಾರೆ, ಆದರೆ ಕೈ ಮಾತ್ರ ಎಲೆಗೆ ತಾಗಿಸುವುದಿಲ್ಲ.

ಅವರು ಹುಡುಕುತ್ತಿರುವುದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಜೇಡವನ್ನು. ಹಸಿರು ಮೈ, ಬೆನ್ನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ಅರ್ಧ ಗಂಟೆಯ ಮೇಲೆ ಎದ್ದು, ಸೊಂಟ ಹಿಡಿದುಕೊಂಡು, ಟಾರ್ಚನ್ನು ಬಾಯಿಂದ ತೆಗೆಯುತ್ತಾರೆ.

"ಇಲ್ಲೂ ಇಲ್ಲೆ. ಇದ್ ಇಪ್ಪತ್ಮೂರ್ನೇ ಕೇದ್ಗಿ ಹಿಂಡ್ಲ್. ಅತ್ಲಾಗ್ ಶಿರೂರ್ ವರಿಗೂ ಹೋಯ್ ಬಂದೆ. ಎಲ್ಲ್ ಅಡ್ಗಿ ಕೂಕಂಡಿತ್ತೋ ಎಂತದೋ!"

ಇವರು ಪ್ರಫುಲ್ಲಾ ಶೆಡ್ತಿ; ಶೆಟ್ಟರ ಮನೆಯ ಹೆಂಗಸರನ್ನು ಇಲ್ಲಿ ಶೆಡ್ತಿ ಎನ್ನುತ್ತಾರೆ. ಸಾಸ್ತಾನದ ಪೇಟೆಯಲ್ಲಿ, ಒಂದು ಜವಳಿ ಅಂಗಡಿಯ ಮಹಡಿ ಮೇಲೆ ಅವರ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಲ್ಯಾಮಿನೇಷನ್, ಸೀಮಂತ, ಮದರಂಗಿ, ಮದುವೆ. ಮೂವತ್ತು ವರ್ಷದ ಹಿಂದೆ ಅಲ್ಲಿಗೆ ಸೇರಿದ್ದು ಫೋಟೊದಲ್ಲಿನ ಮುಖದ ಮೊಡವೆ ತಿದ್ದುವ ಕೆಲಸಕ್ಕೆ. ಹೆಂಗಸರ ಶಾಸ್ತ್ರಗಳಿಗೆ ಹೆಣ್ಣುಮಗಳೇ ಇದ್ದರೆ ಒಳ್ಳೆಯದೆಂದು ಸ್ಟುಡಿಯೊದ ಯಜಮಾನರು ಕೈಗೆ ಕ್ಯಾಮೆರಾ ಕೊಟ್ಟರು. ಮುಂದೆ ಯಜಮಾನರಿಗೆ ವಯಸ್ಸಾಗಿ ಅಂಗಡಿಯೇ ಇವರಿಗೆ ಬಂತು. ಸೀರೆಯ ನೆರಿಗೆ ಸರಿ ಮಾಡಿ, ಮದುಮಗಳ ಗಲ್ಲ ಎತ್ತಿ, ಬೆಳಕಿಗೆ ತಿರುಗಿಸಿ ಕೂರಿಸುವುದರಲ್ಲಿ ಪ್ರಫುಲ್ಲಕ್ಕನನ್ನು ಮೀರಿಸುವವರು ಬ್ರಹ್ಮಾವರದಿಂದ ಕುಂದಾಪುರದವರೆಗೆ ಇಲ್ಲ ಎನ್ನುತ್ತಾರೆ. ಅದೇ ಕೈಗುಣ ಮುಂದೆ ಅವರ ಕೊರಳಿಗೆ ಬಿತ್ತು. ಆ ಕಥೆ ಸ್ವಲ್ಪ ತಡೆದು ಹೇಳಬೇಕು.

ಹುಳಹುಪ್ಪಟೆಯ ಹಿಂದೆ ಬಿದ್ದದ್ದು ಹೇಗೆ ಎಂದು ಕೇಳಿದರೆ ಪ್ರಕೃತಿ ಪ್ರೇಮದ ಭಾಷಣವನ್ನೇನೂ ಅವರು ಬಿಗಿಯುವುದಿಲ್ಲ. "ಆಸಾಡಿಲ್ ಮದಿ ಇಲ್ಲೆ, ಸೀಮಂತ ಇಲ್ಲೆ. ಕ್ಯಾಮ್ರ ಪೆಟ್ಟಿಯೊಳ್ಗೇ ಇದ್ರೆ ಲೆನ್ಸಿಗೆ ಬೂಷ್ಟ್ ಹಿಡಿತ್ತ್. ದಿನಾ ಒಂದ್ಸಲ ಹೊರ್ಗ್ ತೆಗ್ದ್ ಕೆಲ್ಸ ಮಾಡ್ಸ್ ಅಂದಿದ್ರ್ ಯಜಮಾನ್ರ್. ಮಳಿಗಾಲ್ದಗೆ ಫೋಟೊ ತೆಗುಕೆ ಮನ್ಷ್ರ್ ಸಿಕ್ಲಿಲ್ಲೆ, ಹುಳ ಸಿಕ್ತ್ ಕಾಣಿ."

ಹಾಗೆ ಬೂಷ್ಟಿನ ಹೆದರಿಕೆಗೆ ಶುರುವಾದದ್ದು ಹನ್ನೆರಡು ಮಳೆಗಾಲ ದಾಟಿದೆ. ಸಣ್ಣ ಜೀವಿಗಳಿಗೆಂದೇ ಬರುವ ಲೆನ್ಸಿನ ಬೆಲೆ ಕೇಳಿ ಬಂದವರು ಮತ್ತೆ ಆ ಮಾತೆತ್ತಿಲ್ಲ. ಹಳೆಯ ಲೆನ್ಸನ್ನೇ ಹಿಂದುಮುಂದಾಗಿ ತಿರುಗಿಸಿ, ಒಂದು ರಿಂಗ್ ಹಾಕಿ ಸಿಕ್ಕಿಸಿದ್ದಾರೆ. ಫ್ಲಾಶಿನ ಬೆಳಕು ಹುಳದ ಬೆನ್ನಿಗೆ ರಾಚಬಾರದೆಂದು ಎಣ್ಣೆಯ ಬಿಳಿ ಪ್ಲಾಸ್ಟಿಕ್ ಡಬ್ಬಿಯ ತುಂಡು ಕತ್ತರಿಸಿ ಕಟ್ಟಿದ್ದಾರೆ. ಇಬ್ಬನಿಯೋ ಮಳೆಹನಿಯೋ ಮೈಮೇಲಿದ್ದಾಗ ಹುಳಗಳು ಮರಗಟ್ಟಿದಂತೆ ಇರುತ್ತವೆ. ಬಿಸಿಲು ಬಿದ್ದರೆ ಹಾರಿ ಹೋದವೆಂದೇ ಲೆಕ್ಕ. ಅದಕ್ಕೇ ದಿನವೂ ಐದೂವರೆಗೆ ಮನೆ ಬಿಟ್ಟು, ಎಂಟೂವರೆಗೆ ವಾಪಸಾಗಿ, ಒಂಬತ್ತೂವರೆಗೆ ಅಂಗಡಿ ಬಾಗಿಲು ತೆರೆಯುತ್ತಾರೆ. ಒಂದು ಬೆಳಗಿಗೆ ಇನ್ನೂರು ಸಲ ಕ್ಲಿಕ್ಕಿಸಿದರೆ ಉಳಿಯುವುದು ನಾಲ್ಕೈದು. ಇಲ್ಲಿಯವರೆಗೆ ನಾನೂರ ಹನ್ನೆರಡು ಬಗೆಯ ಜೀವಿಗಳು ಸಿಕ್ಕಿವೆ; ಅರ್ಧಕ್ಕರ್ಧದ ಹೆಸರು ಅವರಿಗೆ ಈಗಲೂ ಗೊತ್ತಿಲ್ಲ.

ಕಷ್ಟಗಳೂ ಸಣ್ಣವೇ, ಆದರೆ ದಿನಾ ಇರುವಂಥವು. ಚಾಳೀಸು ಬಂದ ಕಣ್ಣಿಗೆ ಹುಳ ಕಾಣುವುದಿಲ್ಲ, ಕನ್ನಡಕ ಹಾಕಿದರೆ ಉಸಿರಿಗೆ ಮಬ್ಬು ಕವಿಯುತ್ತದೆ. ಚಗಳಿ ಇರುವೆ ಕಚ್ಚಿ ಕತ್ತು ಊದುತ್ತದೆ. ಹೋದ ವರ್ಷ ಗದ್ದೆಯಂಚಿನಲ್ಲಿ ಜಾರಿ ಮಂಡಿಚಿಪ್ಪು ತಿರುಚಿ ಒಂದು ತಿಂಗಳು ಮನೆಯಲ್ಲಿ ಕೂತರು. ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಬಂದು ಈಗ ಗದ್ದೆ ನೋಡಿಕೊಳ್ಳುವ ಗಂಡ ಚಂದು ಶೆಟ್ಟರು ಆಗ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಅಂದರಂತೆ: "ನಮ್ ಮದಿದ್ ಫೋಟೊ ಮನ್ಯಗೆ ಮೂರ್ ಇತ್ತ್. ಜೇಡಂದ್ ಮುನ್ನೂರ್ ಇತ್ತ್!"

ಊರವರ ಅನುಮಾನವೇ ಬೇರೆ. ಹೆದ್ದಾರಿ ಅಗಲವಾದಾಗ ಜಾಗ ಕಳೆದುಕೊಂಡ ಊರಿದು. ಬೆಳಗಾಗುವ ಮುಂಚೆ ಬೇಲಿ ಬದಿಯಲ್ಲಿ ಕ್ಯಾಮೆರಾ ಹಿಡಿದು ಕೂತವರನ್ನು ಕಂಡರೆ ಇಲ್ಲಿಯ ಜನರಿಗೆ ನೆನಪಾಗುವುದು ಸರ್ವೆಯೇ. ತೋಡಿನಾಚೆಯ ಮನೆಯ ಜಲಜ ಅವರಂತೂ ಒಂದು ದಿನ ಪಹಣಿ ಪತ್ರ ಹಿಡಿದೇ ಓಡಿಬಂದಿದ್ದರು. "ಹ್ವಾಯ್, ನಮ್ದ್ ಎಷ್ಟ್ ಸೆಂಟ್ಸ್ ಹೋತ್ತ್? ಮೊದ್ಲೇ ಹೇಳಿ ಮಾರಾಯ್ರೆ!" ಪ್ರಫುಲ್ಲಾ ಕ್ಯಾಮೆರಾ ತಿರುಗಿಸಿ ಒಂದು ಮಿಡತೆಯ ಮುಖ ತೋರಿಸಿದರು. ಜಲಜ ಪಹಣಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತುಬಿಟ್ಟರು. ಅವತ್ತಿನಿಂದ ಇಬ್ಬರೂ ಗೆಳತಿಯರು.

ಇನ್ನು ಆ ಜೇಡದ ಕಥೆ. ಮೂರು ವರ್ಷದ ಹಿಂದೆ, ತೋಡಿನ ಕೆಳಭಾಗದ ದಂಡೆಯಲ್ಲಿ ಸಾಲಾಗಿದ್ದ ಕೇದಗೆಯೊಂದರ ಬುಡದಲ್ಲಿ ಅದು ಮೊದಲ ಸಲ ಕಂಡಿತು. ಬೆಳಕಿಲ್ಲ, ಸುತ್ತ ಒಣಗಿದ ಎಲೆ, ಮುಳ್ಳು, ಕೆಸರು. ವರ್ಷಾನುಗಟ್ಟಲೆ ಮದುಮಗಳನ್ನು ಕತ್ತಲೆ ಕೋಣೆಯಿಂದ ಚಾವಡಿಯ ಬೆಳಕಿಗೆ ಕರೆತಂದ ಕೈ ಸುಮ್ಮನಿರಲಿಲ್ಲ. ಒಂದು ತೆಂಗಿನ ಕಡ್ಡಿಯ ಮೇಲೆ ಜೇಡವನ್ನು ಮೆಲ್ಲಗೆ ಹತ್ತಿಸಿಕೊಂಡರು. ಬೇಲಿಯಲ್ಲಿ ಆಗಷ್ಟೇ ಅರಳಿದ್ದ ಕೆಂಪು ದಾಸವಾಳದ ಮೇಲೆ ಕೂರಿಸಿ ಕ್ಲಿಕ್ಕಿಸಿದರು. ಫೋಟೊ ಚಂದವೆಂದರೆ ಚಂದ. ಮೊಬೈಲಿನಿಂದ ಮೊಬೈಲಿಗೆ ಹೋಗಿ ಸಾವಿರಾರು ಜನ ನೋಡಿದರು.

ಹೋದ ಮಳೆಗಾಲದಲ್ಲಿ ಅದು ಸೌಮ್ಯಶ್ರೀಯ ಕಣ್ಣಿಗೂ ಬಿತ್ತು. ಬೈಂದೂರಿನ ಈ ಹುಡುಗಿ ಜೇಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ. ಮೂರು ತಾಲೂಕಿನ ಜೇಡಗಳ ಪಟ್ಟಿ ತಯಾರಿಸುತ್ತಿದ್ದಾರೆ. ಇಂಥದ್ದನ್ನು ಈ ಕರಾವಳಿಯಲ್ಲಿ ಯಾರೂ ದಾಖಲಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಎಲ್ಲಿ ಸಿಕ್ಕಿತು ಎಂದು ಫೋನಿನಲ್ಲಿ ಕೇಳಿದರು. ಪ್ರಫುಲ್ಲಾ ಕೊಟ್ಟ ಉತ್ತರ: "ದಾಸ್ವಾಳದ್ ಮೇಲೆ."

"ಅಷ್ಟ್ ಕಲ್ತ ಹೆಣ್ಣ್ ಫೋಟೊ ಚಂದ ಇತ್ತ್ ಅಂದ್ಳಲೆ," ಎಂದು ಪ್ರಫುಲ್ಲಾ ಈಗ ನೆಲ ನೋಡುತ್ತ ಹೇಳುತ್ತಾರೆ. "ಕಡ್ಡಿಯಗೆ ಎತ್ತಿ ಕೂರ್ಸದ್ ಅಂಬುಕೆ ಬಾಯೇ ಬರ್ಲಿಲ್ಲೆ."

ಸೌಮ್ಯಶ್ರೀ ಒಂಬತ್ತು ಭಾನುವಾರ ಬೈಂದೂರಿನಿಂದ ಬಸ್ಸು ಹತ್ತಿ ಬಂದರು. ಸಾಸ್ತಾನದಿಂದ ಕುಂಭಾಶಿಯವರೆಗಿನ ದಾಸವಾಳದ ಬೇಲಿಗಳನ್ನೆಲ್ಲ ಮಳೆಯಲ್ಲಿ ನೆನೆಯುತ್ತ ಜಾಲಾಡಿದರು, ನಡುವೆ ಜ್ವರವನ್ನೂ ಹಿಡಿಸಿಕೊಂಡರು. ಪ್ರತಿ ಭಾನುವಾರವೂ ಪ್ರಫುಲ್ಲಾ ಆಕೆಗೆ ನೀರುದೋಸೆ ಬಡಿಸಿದರು. ಬಾಯಿ ಮಾತ್ರ ಬಿಡಲಿಲ್ಲ. ಇದನ್ನು ಸಣ್ಣ ತಪ್ಪು ಎಂದು ತೇಲಿಸಿಬಿಡಲು ಬರುವುದಿಲ್ಲ. ಪ್ರಫುಲ್ಲಾ ತಾವೂ ತೇಲಿಸುವುದಿಲ್ಲ. ಒಂಬತ್ತನೆಯ ಭಾನುವಾರ, ಜ್ವರ ಬಿಟ್ಟ ಮುಖದಲ್ಲಿ ಹುಡುಗಿ ಮತ್ತೆ ಬೇಲಿ ಕಡೆ ಹೊರಟಾಗ ತಡೆಯಲಾಗದೆ ಕೈ ಹಿಡಿದು ನಿಲ್ಲಿಸಿ ಎಲ್ಲ ಹೇಳಿಬಿಟ್ಟರು.

ಸೌಮ್ಯಶ್ರೀ ಬೈಯಲಿಲ್ಲ. ಹೇಳಿದ್ದಿಷ್ಟು: "ಅಕ್ಕಾ, ಇದ್ದಲ್ಲೇ ತೆಗ್ದಿದ್ರೆ ಫೋಟೊ ಮಸ್ಕ್ ಆದ್ರೂ ಅದ್ ದಾಖ್ಲಿ ಆತಿತ್ತ್. ಈಗ ಇದ್ ಬರೀ ಚಂದದ್ ಫೋಟೊ."

ಅವತ್ತೇ ಇಬ್ಬರೂ ಆ ಕೇದಗೆ ಸಾಲಿಗೆ ಹೋದರು. ಅಲ್ಲಿ ಕೇದಗೆ ಇರಲಿಲ್ಲ. ಆ ಮಳೆಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ ತೋಡಿಗೆ ತಡೆಗೋಡೆ ಕಟ್ಟುವಾಗ ಜೆಸಿಬಿ ಬುಡಸಮೇತ ಎತ್ತಿ ಹಾಕಿತ್ತು. ಈ ವರ್ಷದ ಚೌತಿಯೊಳಗೆ ಆ ಜೇಡ ಎಲ್ಲಾದರೂ ಕೇದಗೆಯಲ್ಲೇ ಮತ್ತೆ ಕಾಣದಿದ್ದರೆ ಪಟ್ಟಿಯಿಂದ ಅದನ್ನು ಕೈಬಿಡುವುದು ಎಂದು ಸೌಮ್ಯಶ್ರೀ ತೀರ್ಮಾನಿಸಿದರು. ಪ್ರಫುಲ್ಲಾ ಆನೆಗುಡ್ಡೆ ಗಣಪತಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡರು, ಈ ಮಳೆ ಹಿಡಿಯುತ್ತಲೇ ಕೇದಗೆ ಹುಡುಕಲು ಹೊರಟರು. ಈಗ ಹುಳವನ್ನಾಗಲಿ ಎಲೆಯನ್ನಾಗಲಿ ಮುಟ್ಟುವುದಿಲ್ಲ. ಯಾವ ಗಿಡ, ಎಲೆಯ ಮೇಲೋ ಅಡಿಯೋ, ನೆಲದಿಂದ ಎಷ್ಟು ಗೇಣು, ಎಷ್ಟು ಗಂಟೆಗೆ ಎಂದು ಅಲ್ಲೇ ಕೂತು ಪುಸ್ತಕದಲ್ಲಿ ಬರೆಯುತ್ತಾರೆ.

ಇಪ್ಪತ್ತಮೂರನೆಯ ಪೊದೆಯಲ್ಲೂ ಜೇಡ ಸಿಗದ ಆ ಬೆಳಗು ಕಳೆದು ಹನ್ನೊಂದು ದಿನಕ್ಕೆ, ಸಂಜೆ, ಜಲಜ ಅವರ ಫೋನು ಬರುತ್ತದೆ. ಅವರ ಹಿತ್ತಿಲ ಮೂಲೆಯಲ್ಲಿ, ತುಳಸಿಕಟ್ಟೆಯಾಚೆಗೆ ಅತ್ತೆಯ ಕಾಲದ ಒಂದು ಕೇದಗೆ ಇದೆ. ಅತ್ತೆ ಇನ್ನೂ ಅದರ ಎಲೆಯಿಂದ ಚಾಪೆ ಹೆಣೆಯುತ್ತಾರೆ. ಚಾಪೆಗೆ ಬಲಿತ ಎಲೆಗಳನ್ನಷ್ಟೇ ಒಂದೊಂದಾಗಿ ಕೊಯ್ಯುವುದು ಕ್ರಮ, ಬುಡಕ್ಕೆ ಕತ್ತಿ ತಾಗಿಸುವಂತಿಲ್ಲ. ಹಾಗೆ ಕೊಯ್ಯುವಾಗ ಎಂತದೋ ಹಸಿರು ಬಣ್ಣದ್ದು ಜಲಜರ ಮುಂಗೈಗೆ ಹಾರಿ, ತಿರುಗಿ ಬುಡಕ್ಕೇ ಹಾರಿದೆ. ಅಂಗಳದಾಚೆಗಿನ ಆ ಕೇದಗೆ ಪ್ರಫುಲ್ಲಾಗೆ ಗೊತ್ತೇ ಇರಲಿಲ್ಲ, ಹೇಳಬೇಕೆಂದು ಜಲಜರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಅವರು ನೋಡಿದ್ದೆಲ್ಲ ತೋಡಿನ ದಂಡೆಯನ್ನೇ.

ಮರುದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ಪ್ರಫುಲ್ಲಾ ಅಲ್ಲಿದ್ದಾರೆ. ಜೇಡವೂ ಇದೆ. ಒಣಗಿ ಜೋತ ಎಲೆಯ ಹಿಂದೆ, ಅರ್ಧ ಮೈ ಮಾತ್ರ ಹೊರಗೆ. ಅಡ್ಡಕ್ಕೆ ಒಂದು ಮುಳ್ಳು ಬೇರೆ. ಪಕ್ಕದಲ್ಲಿ ಕೊಡೆ ಹಿಡಿದ ಜಲಜರಿಗೆ ತಡೆಯುವುದಿಲ್ಲ.

"ಎಲಿ ಒಂಚೂರ್ ಎತ್ತಿ ಹಿಡಿಲಾ ಅಕ್ಕಾ? ಸಮಾ ಕಾಂತಿತ್ತ್."

"ಬ್ಯಾಡ. ಮುಟ್ಟುಕಾಗ."

"ಕಡಿಗೆ ಓಡಿ ಹೋರೆ?"

"ಹೋರೆ ಹೋಯ್ಲಿ. ಅದ್ರ್ ಮನಿ ಅದ್."

ಐವತ್ತು ನಿಮಿಷ ಹಾಗೇ ಕೂರುತ್ತಾರೆ. ಮಳೆ ಮತ್ತೆ ಹೊಡೆಯುತ್ತದೆ, ಕನ್ನಡಕ ಮಬ್ಬಾಗುತ್ತದೆ, ಉಳುಕಿದ ಮಂಡಿ ಸೆಳೆಯುತ್ತದೆ. ಬಲಗೈಯ ಬೆರಳುಗಳು ಎರಡು ಸಲ ಎಲೆಯ ಕಡೆಗೆ ಹೋಗಿ ಹಿಂದೆ ಬರುತ್ತವೆ. ಜೇಡ ಒಮ್ಮೆ ಎರಡು ಹೆಜ್ಜೆ ಸರಿದು ಬೆನ್ನು ತೋರಿಸುತ್ತದೆ, ಮುಖ ತೋರಿಸುವುದೇ ಇಲ್ಲ. ಹನ್ನೊಂದು ಕ್ಲಿಕ್ಕಿಗೆ ಒಳಗೆ ಹೋಗಿಬಿಡುತ್ತದೆ. ಸಿಕ್ಕಿದ್ದರಲ್ಲಿ ಒಳ್ಳೆಯದೆಂದರೆ ಒಂದೇ ಒಂದು. ಅದರಲ್ಲೂ ಕಾಲು ಮಸುಕು, ಮುಳ್ಳು ಅಡ್ಡ, ಮೂಲೆಯಲ್ಲಿ ಕೆಸರು. ಆದರೆ ಬೆನ್ನಿನ ಕೆಂಪು ಗೆರೆ ಇದೆ, ಕೇದಗೆಯ ಎಲೆಯೂ ಇದೆ. ಮದುವೆ ಮನೆಯವರಿಗೆ ಇಂಥ ಫೋಟೊ ಕೊಟ್ಟರೆ ಅಂಗಡಿ ಮುಚ್ಚಬೇಕಾದೀತು ಎಂದು ಅವರೇ ನಗುತ್ತಾರೆ, ನಗುವಾಗ ಕಣ್ಣು ಒದ್ದೆಯಾಗಿದೆ.

ಅಲ್ಲೇ ಜಲಜರ ಜಗಲಿಯಲ್ಲಿ ಕೂತು ಫೋಟೊವನ್ನೂ ಪುಸ್ತಕದ ಪುಟವನ್ನೂ ಸೌಮ್ಯಶ್ರೀಗೆ ಕಳಿಸುತ್ತಾರೆ. ಚಾ ಆರುವ ಮುಂಚೆ ಫೋನು ಬಡಿದುಕೊಳ್ಳುತ್ತದೆ.

"ಅಕ್ಕಾ, ಅದೇ! ಅದೇ ಕಾಣಿ! ಪಟ್ಟಿಯಗೆ ಸೇರತ್ತ್. ಕಂಡವ್ರ್ ಯಾರಂದ್ ಬರೀಕ್, ನಿಮ್ಮ್ ಹೆಸ್ರ್ ಶೆಟ್ಟಿ ಅಂದ್ ಹಾಕುದಾ, ಶೆಡ್ತಿ ಅಂದ್ ಹಾಕುದಾ?"

ಪ್ರಫುಲ್ಲಾ ಕ್ಯಾಮೆರಾದ ಮೇಲಿನ ನೀರನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ.

"ನನ್ ಹೆಸ್ರ್ ಹ್ಯಾಂಗಾರೂ ಹಾಕ್, ಬಿಟ್ರೂ ಅಡ್ಡಿಲ್ಲೆ. ಕೇದ್ಗಿ ಅಂದ್ ಮಾತ್ರ ಸಮಾ ಬರಿ, ಹೆಣ್ಣೆ."